ಸುರಪುರದ ಮೆಡೋಸ್ ಟೇಲರ್ ಸಾಹೇಬರ ಜೀವಿತವು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ನಮ್ಮ ಸಭೆಗಳಲ್ಲಿ ಒಂದೇ ಉದ್ಯೋಗದಿಂದ ಮನೆಯನ್ನು ನಡಿಸುವವರು ಈಗ ಬಹು ವಿರಳ. ಮಳಖೇಡದ ಬಳಿಯ ಆದಿತ್ಯನಗರದಲ್ಲಾಗಲಿ ವಾಡಿಯಲ್ಲಾಗಲಿ ಸಿಮೆಂಟಿನ ಕಾರಖಾನೆಯ ಪಾಳಿಯನ್ನು ಮುಗಿಸಿ ಬಂದವನು ಕೈಕಾಲು ತೊಳೆದುಕೊಂಡು ಕಿರಾಣಿ ಅಂಗಡಿಯ ಕದವನ್ನು ತೆರೆಯುತ್ತಾನೆ. ಕಲ್ಲಿನ ಗಣಿಯಲ್ಲಿ ದುಡಿಯುವವನು ತೊಗರಿಯ ಹೊಲವನ್ನು ಪಾಲಿಗೆ ಹಿಡಿದಿರುತ್ತಾನೆ. ಶಾಲೆಯ ಮಾಸ್ತರರ ಮನೆಯಲ್ಲಿ ಹೊಲಿಗೆಯ ಯಂತ್ರವೂ ಎರಡು ಎಮ್ಮೆಗಳೂ ಇರುತ್ತವೆ. ಇದನ್ನು ನಾವು ತಪ್ಪೆಂದು ಹೇಳುವದಿಲ್ಲ. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಸಂಗಡ ಗುಡಾರಗಳನ್ನು ಹೊಲಿದು ಜೀವಿಸುತ್ತಾ ಸುವಾರ್ತೆಯನ್ನು ಸಾರಿದ್ದನ್ನು ನಾವೆಲ್ಲರೂ ಬಲ್ಲೆವು. ಆದರೆ ಪೌಲನಿಗೆ ಹೆಂಡತಿಮಕ್ಕಳ ಹೊರೆ ಇರಲಿಲ್ಲ. ಇರುವವರು ಹಗಲಿನ ಕೆಲಸ, ಸಂಜೆಯ ಕೆಲಸ, ಮನೆ ಎಂಬ ಈ ಮೂರರಲ್ಲಿ ಯಾವದಕ್ಕೆ ಎಷ್ಟು ಹೊತ್ತು ಕೊಡಬೇಕೆಂಬುದು ಸಭೆಗಳನ್ನು ಸಂದರ್ಶಿಸುವಾಗ ನಾವು ಪದೇಪದೇ ಕೇಳುವ ಮಾತು. ಆದದರಿಂದ ನಮ್ಮ ನೆರೆಯ ಸೀಮೆಯಲ್ಲಿಯೇ ಈ ಮೂರನ್ನೂ ಹೊತ್ತು ನಡೆದ ಒಬ್ಬರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ. ಇವರು ಮಿಶನೆರಿಯಲ್ಲ, ಬೋಧಕರೂ ಅಲ್ಲ, ಸರ್ಕಾರದ ಉದ್ಯೋಗಸ್ಥರು. ಭೀಮಾ ನದಿಯ ಆಚೆಗಿರುವ ಸುರಪುರದಲ್ಲಿ ಇವರ ಹೆಸರನ್ನು ಈಗಲೂ ಎಲ್ಲರೂ ಬಲ್ಲರು.

ಫಿಲಿಪ್ ಮೆಡೋಸ್ ಟೇಲರರು 1808ನೆಯ ಇಸವಿ ಸಪ್ಟಂಬರ 25ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ವರ್ತಕ. ವ್ಯಾಪಾರವು ಮುರಿದುಬಿದ್ದದರಿಂದ ಮಗನ ಓದು ಅರ್ಧಕ್ಕೆ ನಿಂತಿತು. ಹದಿನೈದು ವರುಷದ ಹುಡುಗನನ್ನು 1824ರಲ್ಲಿ ಮುಂಬಯಿಗೆ ಹಡಗು ಹತ್ತಿಸಿ ಕಳುಹಿಸಿದರು. ಅಲ್ಲಿಯ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿ ಕಾಲಕ್ರಮದಲ್ಲಿ ಪಾಲುಗಾರನಾಗಬೇಕೆಂಬದು ಮನೆಯವರ ಆಶೆ. ಹುಡುಗನು ದಡಕ್ಕೆ ಇಳಿದು ನೋಡಲಾಗಿ ಆ ವ್ಯಾಪಾರಿಯೇ ಸಾಲದಲ್ಲಿ ಮುಳುಗಿದ್ದನು. ಪರದೇಶದಲ್ಲಿ ದಿಕ್ಕು ತೋಚದೆ ಇದ್ದಾಗ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಬಂಧುವು ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಸಣ್ಣ ಅಧಿಕಾರವನ್ನು ಕೊಡಿಸಿದನು. ಹೀಗೆ ಹದಿನಾರು ತುಂಬಿದ ಸ್ವಲ್ಪ ಕಾಲದಲ್ಲಿಯೇ ಟೇಲರರು ಔರಂಗಾಬಾದಿಗೆ ಬಂದರು.

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಕಂಪೆನಿ ಸರ್ಕಾರದಲ್ಲಿ ನೇರವಾಗಿ ನೇಮಕವಾದ ಸಿವಿಲ್ ಅಧಿಕಾರಿಗಳಿಗೆ ದೊಡ್ಡ ಸಂಬಳ, ಬಡ್ತಿ, ಪಿಂಚಣಿ ಎಲ್ಲವೂ ಮೊದಲೇ ಗೊತ್ತಾಗಿರುತ್ತಿದ್ದವು. ನಿಜಾಮರ ಸೇವೆಯಲ್ಲಿದ್ದ ಇವರಿಗೆ ಅಂಥ ಭದ್ರತೆಯಿರಲಿಲ್ಲ. ಶಾಲೆಯ ವಿದ್ಯೆಯೂ ಪೂರ್ತಿಯಾಗಿರಲಿಲ್ಲ. ಆದಕಾರಣ ಹುಡುಗನು ತನ್ನಷ್ಟಕ್ಕೆ ತಾನೇ ಕಲಿಯತೊಡಗಿದನು. ಹಿಂದುಸ್ತಾನಿಯನ್ನೂ ಮರಾಠಿಯನ್ನೂ ಜನರ ಬಾಯಿಂದ ಕಲಿತನು. ಭೂಮಿಯ ಅಳತೆ, ಕಟ್ಟಡದ ಕೆಲಸ, ನ್ಯಾಯಶಾಸ್ತ್ರ, ಚಿತ್ರ ಬರೆಯುವದು ಇವೆಲ್ಲವೂ ಹೀಗೆಯೇ ಬಂದವು. ಹದಿನೆಂಟರ ಸುಮಾರಿಗೆ ನೈಋತ್ಯ ಜಿಲ್ಲೆಗಳಲ್ಲಿ ಪೊಲೀಸಿನ ಉಪ ಅಧಿಕಾರಿಯಾಗಿ ತುಳಜಾಪುರ ನಳದುರ್ಗಗಳ ಕಡೆಗೆ ತಿರುಗಾಡುತ್ತಿದ್ದಾಗ, ದಾರಿಗರನ್ನು ಕೊಂದು ಹೂಳುವ ಠಕ್ಕರ ಸುಳಿವು ಸಿಕ್ಕಿತು. ಆದರೆ ತನಿಖೆಯು ಮುಗಿಯುವದರೊಳಗೆ ಇವರನ್ನು ಸೈನ್ಯಕ್ಕೆ ಹಿಂದಕ್ಕೆ ಕರೆದರು. ಠಕ್ಕರನ್ನು ಹಿಡಿದ ಕೀರ್ತಿಯು ಸ್ಲೀಮನ್ ಸಾಹೇಬರಿಗೆ ಹೋಯಿತು. ಟೇಲರರಿಗೆ ಉಳಿದದ್ದು ಆ ಕಥೆಗಳು ಮಾತ್ರ, ಮತ್ತು ಆ ಕಥೆಗಳೇ ಮುಂದೆ ಇವರ ಎರಡನೆಯ ಉದ್ಯೋಗಕ್ಕೆ ಬಂಡವಾಳವಾದವು.

1832ರಲ್ಲಿ ಮೇರಿ ಪಾಮರ್ ಎಂಬ ಕನ್ಯೆಯನ್ನು ಮದುವೆಯಾದರು. ಈಕೆಯು ಹೈದರಾಬಾದಿನ ಪ್ರಸಿದ್ಧ ಸಾಹುಕಾರರಾದ ವಿಲಿಯಂ ಪಾಮರರ ಮಗಳು. ಪಾಮರರ ತಂದೆಯು ಇಂಗ್ಲಿಷ್ ಸೇನಾಧಿಪತಿ, ತಾಯಿಯು ಈ ದೇಶದ ಮುಸಲ್ಮಾನ ಕುಲೀನ ಮನೆತನದ ಫೈಜ್ ಬಕ್ಷ್ ಬೇಗಮಳು. ಆದದರಿಂದ ಮೇರಿಯಮ್ಮನ ಮೈಯಲ್ಲಿ ಎರಡು ದೇಶಗಳ ರಕ್ತವಿತ್ತು. ಬಿಳಿಯರಲ್ಲಿ ಅನೇಕರು ಇಂಥ ಸಂಬಂಧವನ್ನು ಕಡೆಗಣ್ಣಿನಿಂದ ನೋಡಲಾರಂಭಿಸಿದ್ದ ಕಾಲದಲ್ಲಿ ಟೇಲರರು ಅದನ್ನು ಲೆಕ್ಕಿಸಲಿಲ್ಲ. ಜಾತಿಯ ಗೋಡೆಗಳನ್ನು ದಾಟಿ ಸಭೆಗೆ ಬಂದಿರುವ ನಮ್ಮವರಿಗೆ ಇದು ಸಣ್ಣ ಸಂಗತಿಯೆಂದು ತೋರಲಿಕ್ಕಿಲ್ಲ.

ಮಾವನ ವಿಷಯವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಪಾಮರರು ಮೊದಲು ನಿಜಾಮರ ಸೈನ್ಯದಲ್ಲಿದ್ದು ಆಮೇಲೆ ಬ್ಯಾಂಕು ತೆರೆದು ನಿಜಾಮ ಸರ್ಕಾರಕ್ಕೇ ಹೆಚ್ಚಿನ ಬಡ್ಡಿಗೆ ಲಕ್ಷಗಟ್ಟಲೆ ಸಾಲ ಕೊಟ್ಟರು. ದೊಡ್ಡ ದೊಡ್ಡ ಅಧಿಕಾರಿಗಳ ಬಂಧುಗಳು ಅದರಲ್ಲಿ ಪಾಲುಗಾರರಾಗಿದ್ದರು. ಅಧಿಕಾರವೂ ವ್ಯಾಪಾರವೂ ಒಂದರೊಳಗೊಂದು ಹೆಣೆದುಕೊಂಡವು. ರೆಸಿಡೆಂಟರಾಗಿ ಬಂದ ಮೆಟ್ಕಾಫ್ ಸಾಹೇಬರು ಇದನ್ನು ಎದುರಿಸಿದರು, ಮತ್ತು ಮದುವೆಗೆ ಕೆಲವು ವರುಷಗಳ ಮುಂಚೆಯೇ ಆ ಮಹಾ ಬ್ಯಾಂಕು ಕುಸಿದುಬಿತ್ತು. ತಂದೆಯ ವ್ಯಾಪಾರವು ಮುರಿಯಿತು, ಕೆಲಸ ಕೊಡಬೇಕಾದ ಮುಂಬಯಿಯ ವರ್ತಕನು ಮುರಿದನು, ಮಾವನ ಮನೆಯೂ ಮುರಿಯಿತು. ಇಷ್ಟನ್ನು ಕಂಡವರು ಉದ್ಯೋಗದ ಜೊತೆಗೆ ಇನ್ನೊಂದು ಸಂಪಾದನೆಯನ್ನು ಹುಡುಕುವಾಗ ಬಂಡವಾಳವೂ ಸಾಲವೂ ಬೇಡದ, ಕಚೇರಿಯ ಅಧಿಕಾರವನ್ನು ಮಾರಿಕೊಳ್ಳದ ಕೆಲಸವನ್ನು ಆರಿಸಿಕೊಂಡದ್ದು ಆಶ್ಚರ್ಯವಲ್ಲ. ಆ ಕೆಲಸವು ಲೇಖನಿಯದು.

ಕಾಡುಜ್ವರವು ದೇಹವನ್ನು ಹಿಂಡಿದ್ದರಿಂದ 1837ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಟರು. ಅದೇ ವರುಷ ಇವರು ಬಿಡಿಸಿದ ದಖ್ಖಣದ ಚಿತ್ರಗಳ ಪುಸ್ತಕವು ಲಂಡನ್ನಿನಲ್ಲಿ ಪ್ರಕಟವಾಯಿತು. 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಬರೆದ ಕಾದಂಬರಿಯು ಅಚ್ಚಾಯಿತು. ಅದರ ಅಚ್ಚಿನ ಹಾಳೆಗಳನ್ನು ವಿಕ್ಟೋರಿಯಾ ರಾಣಿಯವರು ಪುಸ್ತಕವು ಹೊರಬರುವದಕ್ಕೆ ಮುಂಚೆಯೇ ತರಿಸಿಕೊಂಡು ಓದಿದರೆಂದು ಹೇಳುತ್ತಾರೆ. ಠಕ್ಕರ ವಿಷಯವಾಗಿ ಆ ಕಾಲದ ಇಂಗ್ಲಿಷರು ಬರೆದದ್ದನ್ನೆಲ್ಲಾ ಇಂದಿನ ಚರಿತ್ರೆಕಾರರು ಹಾಗೆಯೇ ನಂಬುವದಿಲ್ಲ. ಆದರೂ ಪುಸ್ತಕವು ಇಂದಿಗೂ ಅಚ್ಚಿನಲ್ಲಿದೆ. 1840ರಲ್ಲಿ ಟೀಪು ಸುಲ್ತಾನನ ಕಥೆಯು ಬಂತು. ಅದೇ ವರುಷದಿಂದ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಹಿಂದೂದೇಶದ ಬಾತ್ಮೀದಾರರಾಗಿ ಬರೆಯುವ ಕೆಲಸವೂ ದೊರೆಯಿತು. ಈ ಕೆಲಸವನ್ನು 1853ರ ವರೆಗೆ, ಅಂದರೆ ಹದಿಮೂರು ವರುಷ ಬಿಡದೆ ನಡಿಸಿದರು.

ಹಿಂದಿರುಗಿ ಬಂದ ಮೇಲೆ 1841ರಲ್ಲಿ ಸುರಪುರದ ಕೆಲಸವು ಇವರ ಪಾಲಿಗೆ ಬಂತು. ಕೃಷ್ಣೆಗೂ ಭೀಮೆಗೂ ನಡುವೆ ಬೇಡ ನಾಯಕರು ಆಳುತ್ತಿದ್ದ ಸಂಸ್ಥಾನವದು. ಈಗ ಯಾದಗಿರಿ ಜಿಲ್ಲೆಯೊಳಗಿದೆ. ರಾಜಾ ಕೃಷ್ಣಪ್ಪ ನಾಯಕರು ತೀರಿಹೋಗಿದ್ದರು. ಮಗನಾದ ವೆಂಕಟಪ್ಪ ನಾಯಕನು ಏಳು ವರುಷದ ಕೂಸು. ತಾಯಿ ರಾಣಿ ಈಶ್ವರಮ್ಮನವರು ಒಂದು ಕಡೆ, ಹುಡುಗನ ಚಿಕ್ಕಪ್ಪ ಪಿಡ್ಡ ನಾಯಕರು ಇನ್ನೊಂದು ಕಡೆ; ಆಯುಧ ಹಿಡಿದ ಬೇಡರು ಊರ ತುಂಬಾ ಇದ್ದರು. ನಿಜಾಮ ಸರ್ಕಾರವು ಬೇಡುತ್ತಿದ್ದ ನಜರಾಣೆಯ ಹಣವು ತಲೆಯ ಮೇಲೆ ತೂಗುತ್ತಿತ್ತು. ಟೇಲರರು ಯುದ್ಧವಿಲ್ಲದೆ ಒಳಗೆ ಬಂದರು, ಬೇಡರ ಮುಖಂಡರ ಸಂಗಡ ಕೂತು ಮಾತಾಡಿದರು, ಕ್ರಮೇಣ ಆಡಳಿತವೆಲ್ಲಾ ಇವರ ಕೈಗೆ ಬಂತು. ರಾಣಿಯವರಿಗೆ ಇದು ಎಂದಿಗೂ ಒಪ್ಪಿಗೆಯಾಗಲಿಲ್ಲ. ತನ್ನ ಮಗನ ರಾಜ್ಯವನ್ನು ಪರದೇಶದವರು ಆಳುವದನ್ನು ಯಾವ ತಾಯಿಯು ಸುಮ್ಮನೆ ನೋಡುವಳು?

ಹಗಲಿನ ಉದ್ಯೋಗವೆಂದರೆ ಇಷ್ಟಿಷ್ಟಲ್ಲ. ಕಚೇರಿಯಲ್ಲಿ ವ್ಯಾಜ್ಯ ಕೇಳುವದು, ಕಂದಾಯದ ಲೆಕ್ಕ, ಹೊಲಗಳ ಮೋಜಣಿ, ರಸ್ತೆ, ಕೆರೆ, ಕಳ್ಳಕಾಕರ ಕಾಟ, ರೋಗ ಬಂದರೆ ಔಷಧ ಎಲ್ಲವೂ ಒಬ್ಬರ ಮೇಲೆಯೇ. ಸುರಪುರಕ್ಕೆ ಸಮೀಪವಾದ ಬೋನಾಳದ ಕೆರೆಯನ್ನು ಇವರು ಸುಧಾರಿಸಿದರು. ಅಲ್ಲಿ ಈಗ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವದನ್ನು ನೋಡಲು ಜನರು ಹೋಗುತ್ತಾರೆ. ಗುಡ್ಡದ ಮೇಲೆ ಕಟ್ಟಿದ ಮನೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇನ್ನೂ ನಿಂತಿದೆ. ನಮ್ಮ ಶಹಾಬಾದ ವಾಡಿಗಳಿಂದ ಭೀಮೆಯನ್ನು ದಾಟಿದರೆ ಸಿಕ್ಕುವ ಜೇವರ್ಗಿಯ ಹತ್ತಿರದಲ್ಲಿಯೂ, ರಾಜನಕೋಳೂರಿನಲ್ಲಿಯೂ ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಪುರಾತನ ಸಮಾಧಿಗಳಿವೆ. ದನಕಾಯುವವರ ಹೊರತು ಯಾರೂ ಕಣ್ಣೆತ್ತಿ ನೋಡದ ಆ ಕಲ್ಲುಗಳನ್ನು ಟೇಲರರು ಅಳೆದು, ಕೆಲವನ್ನು ಅಗಿಸಿ, ಚಿತ್ರ ಬರೆದು ವಿದ್ವಾಂಸರ ಮುಂದಿಟ್ಟರು. ಈ ಸೀಮೆಯ ಪ್ರಾಚೀನ ಶಿಲಾಸಮಾಧಿಗಳ ವಿಷಯ ಬರೆಯುವವರು ಇಂದಿಗೂ ಇವರ ಹೆಸರಿನಿಂದಲೇ ಆರಂಭಿಸುತ್ತಾರೆ.

ಆದರೆ ನಾವು ಕೇಳಬೇಕಾದದ್ದು, ಇಷ್ಟರ ನಡುವೆ ಆ ಎರಡನೆಯ ಕೆಲಸವು ಹೇಗೆ ನಡೆಯಿತೆಂಬುದು. ವರುಷಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಉತ್ತರವು ತಾನಾಗಿಯೇ ಕಾಣುತ್ತದೆ. 1840ರಲ್ಲಿ ಟೀಪುವಿನ ಕಥೆ. ಅದಾದ ಮೇಲಿನ ಕಾದಂಬರಿಯು 1863ರಲ್ಲಿ. ನಡುವೆ ಇಪ್ಪತ್ತಮೂರು ವರುಷ ಒಂದು ಕಾದಂಬರಿಯೂ ಹೊರಬರಲಿಲ್ಲ. ಹಗಲೆಲ್ಲಾ ಆಳಿ ರಾತ್ರಿಯೆಲ್ಲಾ ಪುಸ್ತಕ ಬರೆದ ಮಹಾಪುರುಷರೆಂದು ಇವರನ್ನು ಕೆಲವರು ಹೊಗಳುವದುಂಟು; ಅದು ನಿಜವಲ್ಲ. ಕಚೇರಿಯ ಹೊರೆಯು ಭಾರವಾದಾಗ ದೊಡ್ಡ ಬರವಣಿಗೆಯನ್ನು ಕಟ್ಟಿ ಅಟ್ಟದ ಮೇಲಿಟ್ಟರು. ಪತ್ರಿಕೆಯ ಕಾಗದಗಳನ್ನು ಮಾತ್ರ ಉಳಿಸಿಕೊಂಡರು, ಯಾಕಂದರೆ ಅವುಗಳಿಗೆ ಬೇಕಾದ ಸಂಗತಿಗಳು ಕಚೇರಿಯ ದಿನಚರಿಯಲ್ಲಿಯೇ ಕೈಗೆ ಸಿಕ್ಕುತ್ತಿದ್ದವು, ಮತ್ತು ಟಪಾಲು ಹೊರಡುವ ದಿನಕ್ಕೆ ಬರೆದು ಮುಗಿಸಿದರೆ ಸಾಕಾಗಿತ್ತು. ಕಾದಂಬರಿಯ ಕಥೆಗಳು ಮನಸ್ಸಿನೊಳಗೆ ಬಿತ್ತನೆಯ ಜೋಳದ ಹಾಗೆ ಹಗೇವಿನಲ್ಲಿ ಕಾದಿದ್ದವು. ಇನ್ನೊಂದು ಮಾತು: ಸರ್ಕಾರದ ಉದ್ಯೋಗದಲ್ಲಿದ್ದವರು ಸರ್ಕಾರದ ಸಂಗತಿಗಳನ್ನು ಪತ್ರಿಕೆಗೆ ಹೆಸರಿಲ್ಲದೆ ಬರೆಯುವದು ಸರಿಯೋ ಎಂದು ಇಂದಿನವರು ಕೇಳಿಯಾರು. ಕೇಳುವದು ನ್ಯಾಯವೇ.

ಉದ್ಯೋಗವನ್ನೂ ಲೇಖನಿಯನ್ನೂ ಹೀಗೆ ಹೊಂದಿಸಿಕೊಂಡ ಟೇಲರರಿಗೆ ಮೂರನೆಯದು ಕೈಗೂಡಲಿಲ್ಲ. ಮೇರಿಯಮ್ಮನವರು 1844ರಲ್ಲಿ ತೀರಿಕೊಂಡರು. ಮದುವೆಯಾಗಿ ಹನ್ನೆರಡು ವರುಷ. ಟೇಲರರಿಗೆ ಆಗ ಮೂವತ್ತೈದು ಮೂವತ್ತಾರು ವಯಸ್ಸು. ಇನ್ನು ಮೂವತ್ತೆರಡು ವರುಷ ಬದುಕಿದರೂ ಎರಡನೆಯ ಮದುವೆಯನ್ನು ಮಾಡಿಕೊಳ್ಳಲಿಲ್ಲ. ತಾಯಿಯನ್ನು ಕಳಕೊಂಡ ಇಬ್ಬರು ಹೆಣ್ಣುಮಕ್ಕಳು ತಂದೆಯ ಕಣ್ಣೆದುರಿನಲ್ಲಿ ಬೆಳೆಯಲಿಲ್ಲ. ಸಮುದ್ರದ ಆಚೆಗೆ ಬಂಧುಗಳ ಮನೆಯಲ್ಲಿ ಬೆಳೆದರು. ಸೂಯೆಜಿನ ಕಾಲುವೆಯಿಲ್ಲದ ದಿನಗಳವು. ಅದನ್ನು ತೆರೆದದ್ದು 1869ರಲ್ಲಿ. ಕಾಗದವು ಹೋಗಿ ಅದರ ಉತ್ತರ ಬರುವಷ್ಟರಲ್ಲಿ ಮೂರು ನಾಲ್ಕು ತಿಂಗಳು. ಮಗಳಿಗೆ ಜ್ವರ ಬಂದಿತೆಂದು ಓದುವ ಹೊತ್ತಿಗೆ ಆಕೆ ಎದ್ದು ಆಡುತ್ತಿರುವಳೋ ಮಣ್ಣಿನಲ್ಲಿ ಮಲಗಿರುವಳೋ ಎಂದು ತಿಳಿಯುವ ಉಪಾಯವಿರಲಿಲ್ಲ. ದುಬೈಯಲ್ಲಿ, ಪುಣೆಯಲ್ಲಿ ದುಡಿಯುತ್ತಾ ಪ್ರತಿ ರಾತ್ರಿ ದೂರವಾಣಿಯಲ್ಲಿ ಮಕ್ಕಳ ಮುಖ ನೋಡುವ ನಮ್ಮ ಸಭೆಗಳ ತಂದೆಗಳಿಗೆ ಆ ದುಃಖದ ಒಂದು ಭಾಗವು ತಿಳಿದಿರುವದು.

ಇತ್ತ ತನ್ನ ಮಕ್ಕಳು ದೂರದಲ್ಲಿರುವಾಗ ಬೇರೊಬ್ಬರ ಮಗನು ಮಡಿಲಿಗೆ ಬಂದನು. ವೆಂಕಟಪ್ಪ ನಾಯಕನಿಗೆ ಟೇಲರರೇ ಪಾಠ ಹೇಳಿಸಿದರು, ಇಂಗ್ಲಿಷನ್ನೂ ಲೆಕ್ಕವನ್ನೂ ಕಲಿಸಿದರು. ಹುಡುಗನು ಇವರನ್ನು ಅಪ್ಪ ಎಂದು ಕರೆಯುತ್ತಿದ್ದನು. ಹೊತ್ತುಗೊತ್ತಿಲ್ಲದೆ ದುಡಿಯುವ ಮನುಷ್ಯನ ಪ್ರೀತಿಯು ಎದುರಿಗೆ ಇರುವವರ ಕಡೆಗೆ ಹರಿಯುವದು ಸಹಜ. ಆದರೆ ಆ ಪ್ರೀತಿಯೊಳಗೂ ಒಂದು ಗಂಟು ಇತ್ತು. ಅಪ್ಪನೆಂದು ಕರೆಯಿಸಿಕೊಂಡವರೇ ಆ ಮಗನ ರಾಜ್ಯವನ್ನು ಪರರ ಪರವಾಗಿ ಆಳುತ್ತಿದ್ದರು.

1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಸಂಸ್ಥಾನವನ್ನು ಒಪ್ಪಿಸಿದರು. ಆ ವರುಷದ ಒಡಂಬಡಿಕೆಯಿಂದ ನಿಜಾಮರು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ನಳದುರ್ಗದ ಆಡಳಿತವು ಟೇಲರರ ಪಾಲಿಗೆ ಬಂತು. 1857ರಲ್ಲಿ ವರ್ಹಾಡದ ಬುಲಡಾಣಾಕ್ಕೆ ಕಳುಹಿಸಿದರು. ಉತ್ತರದೇಶವೆಲ್ಲಾ ಹೊತ್ತಿ ಉರಿಯುತ್ತಿರುವಾಗ ಗೋರಾ ಸೈನಿಕರ ಬೆಂಬಲವಿಲ್ಲದೆ ಆ ಜಿಲ್ಲೆಯನ್ನು ಶಾಂತವಾಗಿ ಕಾಯ್ದರು. ಜನರು ಇವರನ್ನು ಮಹಾದೇವ ಬಾಬಾ ಎಂದು ಕೂಗುತ್ತಿದ್ದರೆಂದು ಹೇಳುತ್ತಾರೆ. ಮೆಡೋಸ್ ಎಂಬುದು ನಾಲಿಗೆಗೆ ತಿರುಗದೆ ಹಾಗಾಯಿತೋ ಏನೋ. ಮನುಷ್ಯನಿಗೆ ದೇವರ ಹೆಸರು ಸಲ್ಲದೆಂಬುದು ನಮ್ಮ ಓದುಗರಿಗೆ ಗೊತ್ತೇ ಇದೆ.

ಆಮೇಲೆ ಬಂದ ಸುದ್ದಿಯು ಇವರ ಎದೆಯನ್ನು ಒಡೆಯಿತು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ಇಂಗ್ಲಿಷರಿಗೆ ತಿರುಗಿಬಿದ್ದರು. ಸುರಪುರದ ಬಳಿ ಕಾದಾಟವಾಗಿ ಕ್ಯಾಪ್ಟನ್ ನ್ಯೂಬೆರಿಯು ಸತ್ತನು. ಯುವಕ ರಾಜರು ಹೈದರಾಬಾದಿಗೆ ಹೋದಲ್ಲಿ ಸೆರೆಸಿಕ್ಕರು. ಸಿಕಂದರಾಬಾದಿನ ಸೆರೆಮನೆಗೆ ಟೇಲರರು ಹೋದಾಗ ರಾಜರು ಅಪ್ಪನನ್ನು ಅಪ್ಪಿಕೊಂಡು ಅತ್ತರು. ಜೊತೆಗೂಡಿದವರ ಹೆಸರುಗಳನ್ನು ಹೇಳಿದರೆ ಒಳ್ಳೇದಾಗುವದೆಂದು ತಿಳಿಸಿದಾಗ ಮಾತ್ರ ಒಪ್ಪಲಿಲ್ಲ. ಕಳ್ಳನ ಹಾಗೆ ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಿದರೆ ಸಾಕೆಂದು ಬೇಡಿಕೊಂಡರು. ಮರಣದಂಡನೆಯು ಮೊದಲು ಆಜೀವ ಗಡಿಪಾರಿಗೆ ಇಳಿಯಿತು. ಬಳಿಕ ಗವರ್ನರ್ ಜನರಲರು ಅದನ್ನು ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರುಷದ ಸೆರೆಗೆ ಇಳಿಸಿದರು. ಆ ಕೋಟೆಗೆ ಕರಕೊಂಡು ಹೋಗುವ ದಾರಿಯಲ್ಲಿ, ಮೊದಲನೆಯ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜರು ಪ್ರಾಣ ಬಿಟ್ಟರು. ತಾವೇ ಹಾರಿಸಿಕೊಂಡರೆಂದು ಟೇಲರರು ಬರೆದಿದ್ದಾರೆ. ಇಪ್ಪತ್ತನಾಲ್ಕನೆಯ ವರುಷದಲ್ಲಿ ಮರಣವೆಂದು ಜೋಯಿಸರು ಮೊದಲೇ ಹೇಳಿದ್ದರೆಂಬ ಸಂಗತಿಯನ್ನೂ ಬರೆದಿದ್ದಾರೆ. ಜಾತಕದ ಮಾತನ್ನು ನಾವು ನಂಬುವವರಲ್ಲ; ಆದರೆ ಒಬ್ಬ ವಿದ್ಯಾವಂತ ಕ್ರೈಸ್ತನು ಅದನ್ನು ಮರೆಯಲಾರದೆ ಬರೆದಿಟ್ಟದ್ದು ದುಃಖದ ಆಳವನ್ನು ತೋರಿಸುತ್ತದೆ. ಸುರಪುರದವರು ಇಂದು ವೆಂಕಟಪ್ಪ ನಾಯಕರನ್ನು ಸ್ವಾತಂತ್ರ್ಯಕ್ಕಾಗಿ ಜೀವಕೊಟ್ಟ ವೀರರೆಂದು ಗೌರವಿಸುತ್ತಾರೆ. ಟೇಲರರ ಒಳ್ಳೇತನವನ್ನು ನೆನಸುವವರೂ ಅದೇ ಊರಿನಲ್ಲಿದ್ದಾರೆ. ಈ ಎರಡನ್ನೂ ಒಂದೇ ಬಾಯಿಂದ ಹೇಳುವ ಮುದುಕರೂ ಉಂಟು.

ಅದೇ 1858ರಲ್ಲಿ ಸರ್ಕಾರವು ಟೇಲರರನ್ನು ಪುನಃ ಸುರಪುರಕ್ಕೆ ಕಳುಹಿಸಿತು. ಮಗನಿಲ್ಲದ ಮನೆಗೆ ತಂದೆಯು ಹಿಂದಿರುಗಿದ ಹಾಗಾಯಿತು. ಎರಡು ವರುಷ ಕೆಲಸ ನಡಿಸಿದರು. ಆರೋಗ್ಯವು ಪೂರಾ ಕೆಟ್ಟು 1860ರಲ್ಲಿ ದೇಶವನ್ನು ಬಿಟ್ಟರು. ಅದೇ ವರುಷ ಸಂಸ್ಥಾನವನ್ನು ನಿಜಾಮರಿಗೆ ಕೊಟ್ಟುಬಿಟ್ಟರು.

ಐರ್ಲೆಂಡಿನ ಡಬ್ಲಿನ್ ಪಟ್ಟಣದ ಹತ್ತಿರ ನೆಲೆಸಿದ ಮೇಲೆ ಹಗೇವಿನ ಜೋಳವು ಹೊರಗೆ ಬಂತು. 1863ರಲ್ಲಿ ತಾರಾ, 1865ರಲ್ಲಿ ರಾಲ್ಫ್ ಡಾರ್ನೆಲ್, 1872ರಲ್ಲಿ ಸೀತಾ. ಶಿವಾಜಿಯು ಏಳುತ್ತಿದ್ದ 1657, ಪ್ಲಾಸಿಯ ಯುದ್ಧದ 1757, ದಂಗೆಯ 1857 ಎಂದು ನೂರು ನೂರು ವರುಷಗಳ ಅಂತರದಲ್ಲಿ ಮೂರು ಕಥೆಗಳು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಹಿಂದೂದೇಶದ ಚರಿತ್ರೆಯನ್ನು ಬರೆದರು. ಬಿಜಾಪುರ, ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳ ಛಾಯಾಚಿತ್ರಗಳ ದೊಡ್ಡ ಪುಸ್ತಕಗಳಿಗೂ 1866ರಲ್ಲಿ ವಿವರಣೆ ಬರೆದರು. ಹರೆಯದಲ್ಲಿ ಕದ್ದ ಹೊತ್ತಿನಲ್ಲಿ ಮಾಡುತ್ತಿದ್ದ ಕೆಲಸವು ಮುಪ್ಪಿನಲ್ಲಿ ಮುಖ್ಯ ಉದ್ಯೋಗವಾಯಿತು. ಹೆಣ್ಣುಮಕ್ಕಳ ಸಂಗಡ ಒಂದೇ ದೇಶದಲ್ಲಿ ಇರುವ ಭಾಗ್ಯವೂ ಆಗಲೇ ದೊರೆಯಿತು. ಆದರೆ ಅವರು ಆಗ ಕೂಸುಗಳಾಗಿರಲಿಲ್ಲ.

ಕಡೆಗೆ ಕಣ್ಣುಗಳು ಮಂಜಾದವು. ಹೈದರಾಬಾದಿನ ದಿವಾನರಾದ ಸರ್ ಸಾಲಾರ್ ಜಂಗರ ಕರೆಯ ಮೇಲೆ 1875ರಲ್ಲಿ ಇನ್ನೊಮ್ಮೆ ದಖ್ಖಣಕ್ಕೆ ಬಂದರು. ಹಳೆಯ ಕಾಡುಜ್ವರವು ಬಿಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂಟೋನ್ ಎಂಬ ಕಡಲತೀರದ ಊರಿನಲ್ಲಿ 1876ನೆಯ ಇಸವಿ ಮೇ 13ರಲ್ಲಿ ನಿದ್ರೆಹೋದರು. ಇವರು ಬರೆದಿಟ್ಟ ಆತ್ಮಕಥೆಯನ್ನು ಮರುವರುಷ, ಅಂದರೆ 1877ರಲ್ಲಿ, ತಿದ್ದಿ ಹೊಂದಿಸಿ ಅಚ್ಚುಹಾಕಿಸಿದವಳು ಮಗಳಾದ ಆಲಿಸಳು. ತಂದೆಯು ದೂರದಲ್ಲಿದ್ದ ಆ ಎಲ್ಲಾ ವರುಷಗಳಲ್ಲಿ ಎಲ್ಲಿದ್ದನು, ಏನು ಮಾಡುತ್ತಿದ್ದನು ಎಂಬುದನ್ನು ಸಾಲುಸಾಲಾಗಿ ಓದುವ ಕೆಲಸವು ಹೀಗೆ ಆಕೆಯ ಕೈಗೆ ಬಂತು. ಚಾಂದಬೀಬಿಯ ಕಥೆಯಾದ ಕಡೆಯ ಕಾದಂಬರಿಯು 1878ರಲ್ಲಿ ಪ್ರಕಟವಾಯಿತು.